ಮಜ್ಜಿಗೆ ಹುಲ್ಲು (ಲೆಮನ್‌ಗ್ರಾಸ್) ನೆಟ್ಟರೆ ಬುಡ ಕೊಳೆಯುತ್ತಿದೆ, ಏನು ಮಾಡಲಿ?

ಡೊಂಬಿವಲಿ ಬಾಲ್ಕನಿ:
ಇಲ್ಲಿ ತರಕಾರಿಯವರು ಪುದೀನ ಜೊತೆ ಗವತಿ ಚಹಾ ಅಂತ ಕಟ್ಟಿ ಕೊಡುತ್ತಾರಲ್ಲ, ಅದೇ ನಮ್ಮ ಮಜ್ಜಿಗೆ ಹುಲ್ಲು. ಕುಂಡದಲ್ಲಿ ಚುಚ್ಚಿದರೆ ವಾರದೊಳಗೆ ಬುಡ ಕಪ್ಪಾಗಿ ಲೊಳೆಲೊಳೆ. ಎಳೆದರೆ ಸಲೀಸಾಗಿ ಬರುತ್ತದೆ, ಒಂದು ಬೇರೂ ಇಲ್ಲ. ಬಾಲ್ಕನಿಗೆ ಮಳೆ ನೇರವಾಗಿ ಹೊಡೆಯುತ್ತದೆ. ಆನ್‌ಲೈನ್‌ನಲ್ಲಿ ಬೀಜ ಇದೆ, ತರಿಸಲಾ?

ಠಾಣೆ ತಾರಸಿ:
ಮೊದಲು ಆ ಕಟ್ಟಿನ ಬುಡ ನೋಡಿ. ಬರೀ ಗರಿ ಇದ್ದರೆ ಏನು ಆರೈಕೆ ಮಾಡಿದರೂ ಅಷ್ಟೇ, ಗರಿಗೆ ಬೇರು ಬರುವುದಿಲ್ಲ. ಬೇರು, ಮೊಳಕೆ ಎರಡೂ ಹುಟ್ಟುವುದು ಮಣ್ಣಿಗೆ ತಾಗಿಕೊಂಡಿರುವ ಗಟ್ಟಿ ಗೆಣ್ಣಿನಲ್ಲಿ. ಮಾರುವವರು ಅದನ್ನು ನೆಲದಲ್ಲೇ ಬಿಟ್ಟು ಮೇಲಿನದನ್ನಷ್ಟೇ ಕೊಯ್ಯುತ್ತಾರೆ. ಅವರಿಗೆ ಮತ್ತೆ ಚಿಗುರಬೇಕಲ್ವಾ!

ಥಾಯ್ ಅಡುಗೆಗೆ ಅಂತ ಮಾಲ್‌ಗಳಲ್ಲಿ ಬೆಳ್ಳಗಿನ ದಪ್ಪ ದಂಟು ಸಿಗುತ್ತದೆ. ಹೊರಗಿನ ಒಣ ಸಿಪ್ಪೆ ಸುಲಿಯಿರಿ. ತಳದಲ್ಲಿ ಒತ್ತೊತ್ತಾಗಿ ಉಂಗುರದ ಗುರುತು, ಅದರ ಮೇಲೆ ಸಾಸಿವೆಗಿಂತ ಚಿಕ್ಕ ಬಿಳಿ ಗುಬುಟು ಇದ್ದರೆ ತನ್ನಿ. ತಳ ಕತ್ತರಿಸಿ ಹೋಗಿದ್ದರೆ ಸೂಪಿಗೆ ಹಾಕಿ. ಗರಿಯನ್ನು ಒಂದು ಗೇಣಿಗೆ ಕತ್ತರಿಸಿ, ಲೋಟದಲ್ಲಿ ಎರಡು ಬೆರಳು ನೀರಿನಲ್ಲಿ ನಿಲ್ಲಿಸಿ. ನೀರು ದಿನಾ ಬದಲಿಸಿ. ಎರಡು ಮೂರು ವಾರದಲ್ಲಿ ಬೇರು ಇಳಿಯುತ್ತದೆ.

ಮುಲುಂಡ್ ಮಣ್ಣು:
ಇಷ್ಟೆಲ್ಲ ಯಾಕೆ? ಯಾರದಾದರೂ ಹಳೇ ಬುಡದಿಂದ ಬೇರು ಸಮೇತ ಎರಡು ತೆಂಡೆ (ಬುಡದಲ್ಲಿ ಒಡೆದ ಮರಿ) ಕಿತ್ತುಕೊಳ್ಳಿ. ಪೊದೆ ಬೆಳೆಸಿದವರು ಖುಷಿಯಿಂದ ಕೊಡುತ್ತಾರೆ, ಅವರಿಗೂ ಜಾಗ ಬೇಕು. ಗರಿಯ ಅಂಚು ಬೆರಳು ಕೊಯ್ಯುತ್ತದೆ, ಹುಷಾರು.

ಬೀಜ ಬೇಡ. ನಾವು ಚಹಾಕ್ಕೆ ಹಾಕುವ ಜಾತಿ ಹೂ ಬಿಡುವುದೇ ಅಪರೂಪ. ಬೀಜದಿಂದ ಬರುವುದು ಎಣ್ಣೆಗೆ ಬೆಳೆಸುವ ಇನ್ನೊಂದು ಜಾತಿ, ಕೇರಳದ ಓಡಕ್ಕಾಲಿಯ ‘ಸುಗಂಧಿ’ ತಳಿ ಅಂಥದ್ದು. ಅದರ ದಂಟು ತೆಳು, ಅಡುಗೆಗೆ ಅಷ್ಟು ಒಗ್ಗುವುದಿಲ್ಲ.

ಡೊಂಬಿವಲಿ ಬಾಲ್ಕನಿ:
ಈಗ ನೋಡಿದೆ, ಬರೀ ಗರಿಯೇ! ಪಕ್ಕದ ವಿಂಗ್‌ನವರ ಹತ್ತಿರ ಪೊದೆ ಇದೆ, ಕೇಳುತ್ತೇನೆ. ಈ ಮಳೆಯಲ್ಲಿ ನೆಡಬಹುದಾ? ಕುಂಡದ ಕೆಳಗೆ ತಟ್ಟೆ ಇಡಲೇಬೇಕು. ಇಲ್ಲದಿದ್ದರೆ ಕೆಳಗಿನ ಮನೆಯವರ ಬಟ್ಟೆ ಮೇಲೆ ನೀರು ಬಿದ್ದು ಸೊಸೈಟಿ ಗ್ರೂಪ್‌ನಲ್ಲಿ ಫೋಟೋ ಬರುತ್ತದೆ.

ಠಾಣೆ ತಾರಸಿ:
ನೆಡಿ, ತೆಂಡೆ ಹಿಡಿಯುವುದಕ್ಕೆ ಮಳೆಗಾಲವೇ ಒಳ್ಳೆಯದು. ಆದರೆ ಮುಂಬೈಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 2000 ಮಿಲಿಮೀಟರ್ ದಾಟಿ ಸುರಿಯುತ್ತದೆ. ತುಂಬಿದ ತಟ್ಟೆಯಲ್ಲಿ ಕುಂಡ ಕೂತರೆ ಬೇರಿಗೆ ಉಸಿರಿಲ್ಲ. ತಟ್ಟೆಯೊಳಗೆ ಟೈಲ್ಸ್ ಚೂರು ಇಟ್ಟು ಅದರ ಮೇಲೆ ಕುಂಡ ಇಡಿ, ನೀರನ್ನು ದಿನಾ ಚೆಲ್ಲಿ. ಇಲ್ಲದಿದ್ದರೆ ಸೊಳ್ಳೆ ಕಾಟ ಬೇರೆ. ನರ್ಸರಿಯ ಕೆಂಪು ಮಣ್ಣು ಒಂದೇ ಹಾಕಿದರೆ ಗಟ್ಟಿಯಾಗುತ್ತದೆ, ಮೂರರಲ್ಲಿ ಒಂದು ಪಾಲು ಮರಳು, ಒಂದು ಪಾಲು ಗೊಬ್ಬರ ಬೆರೆಸಿ. ಬುಡ ಎರಡು ಬೆರಳಿಗಿಂತ ಆಳಕ್ಕೆ ಹೋಗಬಾರದು. ಕುಂಡ 12 ಇಂಚಿನದಾದರೂ ಇರಲಿ, ಚಿಕ್ಕದಾದರೆ ಬೇರು ತುಂಬಿ ಗರಿಯ ತುದಿ ಒಣಗುತ್ತದೆ.

ಮುಲುಂಡ್ ಮಣ್ಣು:
ಹೊಸ ಗರಿ ಮೊಣಕಾಲೆತ್ತರ ಬರುವವರೆಗೆ ಚಹಾಕ್ಕೆ ಕೊಯ್ಯಬೇಡಿ. ಆಮೇಲೂ ಬುಡದಿಂದ ನಾಲ್ಕು ಬೆರಳು ಬಿಟ್ಟು ಕೊಯ್ಯಿರಿ.