ಸಹಾಯ ಬೇಕು: ಮಂಡಿ ಲಿಗಮೆಂಟ್ ಆಪರೇಷನ್ ಆದವರಿಗೆ ಸಾಮಾನು, ಪುಣೆ
ಕೋಥ್ರೂಡ್, ವಾರಜೆ ಕಡೆಯ ಕನ್ನಡಿಗರಿಗೆ ನಮಸ್ಕಾರ. ಎಸಿಎಲ್ (ಮಂಡಿಯೊಳಗಿನ ಒಂದು ಲಿಗಮೆಂಟ್) ಆಪರೇಷನ್ ಆಗಿ ಮನೆಗೆ ಬರುವವರೊಬ್ಬರಿಗೆ ಆರು ವಾರಕ್ಕೆ ಕೆಲವು ಸಾಮಾನು ಬಾಡಿಗೆಗೋ ಎರವಲಿಗೋ ಬೇಕಿದೆ. ಲಿಫ್ಟ್ ಇಲ್ಲದ ಎರಡನೇ ಮಹಡಿ.

ಮೊದಲು ಒಂದು ಜೊತೆ ಕಂಕುಳ ಊರುಗೋಲು, 5 ಅಡಿ 8 ಇಂಚು ಎತ್ತರದವರಿಗೆ. ನಿಂತಾಗ ಕಂಕುಳಿಗೂ ಕೋಲಿನ ತಲೆಗೂ ನಡುವೆ ಎರಡು-ಮೂರು ಬೆರಳು ಜಾಗ ಇರಬೇಕು, ಹಿಡಿಕೆ ಮಣಿಕಟ್ಟಿನ ಮಟ್ಟಕ್ಕೆ ಬರಬೇಕು. ಹಾಗಾಗಿ ಕೋಲಿನದ್ದೂ ಹಿಡಿಕೆಯದ್ದೂ ಎತ್ತರ ತೂತುಗಳಿಂದ ಬದಲಿಸುವಂಥದ್ದೇ ಆಗಬೇಕು. ಭಾರ ಅಂಗೈ ಮೇಲೆ ಬೀಳದೆ ಕಂಕುಳ ಮೇಲೆ ಬಿದ್ದರೆ ನರ ಒತ್ತಿ ಕೈ ಜೋಮು ಹಿಡಿಯುತ್ತದೆ. ಬುಡದ ರಬ್ಬರ್ ಸವೆದಿದ್ದರೆ ದಯವಿಟ್ಟು ಬೇಡ. ಮಳೆಗಾಲದಲ್ಲಿ ಒದ್ದೆ ಶಹಾಬಾದ್ ಕಲ್ಲಿನ ಮೇಲೆ (ನಮ್ಮೂರ ಕಡೆಯದೇ ಕಲ್ಲು, ಆದರೂ ಕರುಣೆ ಇಲ್ಲ) ಜಾರುವುದು ಖಂಡಿತ.

ಕಮೋಡ್ ಮೇಲೆ ಕೂರಿಸುವ 4 ಇಂಚು ಎತ್ತರದ ಸೀಟು, ಸ್ನಾನಕ್ಕೆ ರಬ್ಬರ್ ಕಾಲಿನ ಸ್ಟೂಲು ಇದ್ದರೂ ತಿಳಿಸಿ. ಬ್ರೇಸ್ (ಮಂಡಿಗೆ ಆಸರೆಯ ಪಟ್ಟಿ) ಬೇಡ, ಅದು ಕಾಲಿನ ಅಳತೆಗೇ ಆಗಬೇಕು. ತಣ್ಣಗೆ ಮಾಡಿ ಮಂಡಿಗೆ ಇಡುವ ಜೆಲ್ ಪ್ಯಾಕ್ ಹೊಸದೇ ಕೊಳ್ಳುತ್ತೇವೆ.

ಹಿಮ್ಮಡಿ ಕೆಳಗಿಡಲು ಗಟ್ಟಿ ಲೋಡು ಎಲ್ಲಿ ಸಿಗುತ್ತದೆ? ಮೆತ್ತನೆ ದಿಂಬನ್ನು ಎಲ್ಲರೂ ಮಂಡಿ ಕೆಳಗೇ ತೂರಿಸುತ್ತಾರೆ, ಆಮೇಲೆ ಕಾಲು ಪೂರ್ತಿ ನೇರವಾಗುವುದಿಲ್ಲ.

ಬಾಡಿಗೆ, ಡಿಪಾಸಿಟ್ ಎಷ್ಟೆಂದು ಇಲ್ಲೇ ಬರೆಯಿರಿ.