ಸಮುದ್ರ ಪ್ರಾಣಿಗಳ ಪಾರ್ಕ್‌ಗೆ ಇರುವುದು ಒಂದೇ ದಿನ, ಹೇಗೆ ಹೊಂದಿಸುವುದು?

ಇಬ್ಬರ ಅಮ್ಮ:
ಮುಂದಿನ ತಿಂಗಳು ಸಮುದ್ರ ಪ್ರಾಣಿಗಳ ಥೀಮ್ ಪಾರ್ಕ್ ಒಂದಕ್ಕೆ ಹೋಗುತ್ತಿದ್ದೇವೆ. ನಾನು, ಯಜಮಾನರು, 11ರ ಮಗಳು, 4ರ ಮಗ, ಜೊತೆಗೆ ಅತ್ತೆ. ಅತ್ತೆಗೆ ಮೊಣಕಾಲು ನೋವು. ಆದರೂ "ನನಗೋಸ್ಕರ ಯಾರೂ ನಿಲ್ಲಬೇಡಿ" ಅನ್ನುತ್ತಲೇ ಸುಸ್ತಾಗುವ ತನಕ ನಡೆಯುವ ಪೈಕಿ. ಯಜಮಾನರು ಆಗಲೇ 17 ಐಟಂಗಳ ಪಟ್ಟಿ ಮಾಡಿದ್ದಾರೆ, ಮಧ್ಯೆ ಉಸಿರಾಡಲೂ ಜಾಗವಿಲ್ಲ. ಮಗನಿಗೆ ಪೆಂಗ್ವಿನ್ ಬಿಟ್ಟು ಬೇರೇನೂ ಬೇಡ. ದೊಡ್ಡ ತಲೆನೋವು ಮಗಳದು. ಡಾಲ್ಫಿನ್‌ಗಳನ್ನು ಕೊಳದಲ್ಲಿ ಇಡುವುದೇ ತಪ್ಪು, ಆ ಶೋಗೆ ನಾನು ಬರುವುದಿಲ್ಲ ಅಂತ ಹಟ ಹಿಡಿದು ಕೂತಿದ್ದಾಳೆ. ಅವಳು ಹೇಳುವುದು ತಪ್ಪು ಅಂತಲೂ ನನಗೆ ಅನ್ನಿಸುತ್ತಿಲ್ಲ. ಹೋಗಿ ಬಂದವರು ಹೇಳಿ.

ಒದ್ದೆ ಅಪ್ಪ:
ಮೊದಲು ಆ ಪಟ್ಟಿ ಹರಿದು ಹಾಕಿ. ಒಬ್ಬೊಬ್ಬರಿಗೆ ಒಂದೊಂದು, "ಇದು ನೋಡದೆ ಬರಲ್ಲ" ಅನ್ನುವಂಥದ್ದು ಕೇಳಿ, ಅಷ್ಟೇ ಬರೆದುಕೊಳ್ಳಿ. ಶೋ ಸಮಯಗಳು ಬದಲಾಗುತ್ತಿರುತ್ತವೆ, ಹಿಂದಿನ ರಾತ್ರಿ ಪಾರ್ಕಿನ ಆ್ಯಪ್‌ನಲ್ಲಿ ಇನ್ನೊಮ್ಮೆ ನೋಡಿ. ಪ್ರಾಣಿಗಳಿಗೆ ತಿನ್ನಿಸುವ ಹೊತ್ತನ್ನೂ ಹಾಕಿದ್ದರೆ ಗುರುತು ಮಾಡಿಕೊಳ್ಳಿ, ಮಿಕ್ಕ ಹೊತ್ತಿನಲ್ಲಿ ಅರ್ಧ ಪ್ರಾಣಿಗಳು ಸುಮ್ನೆ ಬಿದ್ದುಕೊಂಡಿರುತ್ತವೆ. ಬಾಗಿಲು ತೆರೆಯುವ ಮುಂಚೆಯೇ ಅಲ್ಲಿರಿ.

ಇನ್ನು ನನ್ನ ಕಥೆ. ಬೇಗ ಹೋಗಿ ಓರ್ಕಾ (ಕಪ್ಪು ಬಿಳಿ ಮೈಯ ಭಾರೀ ಡಾಲ್ಫಿನ್ ಜಾತಿ) ಶೋನಲ್ಲಿ ಮುಂದಿನ ಸಾಲು ಹಿಡಿದೆ. ಅಲ್ಲಿ ಸೀಟಿನ ಬಣ್ಣವೇ ಬೇರೆ ಇತ್ತು, ಯಾಕೆ ಅಂತ ಯೋಚಿಸಲಿಲ್ಲ. ಅದು ಬಾಲ ಬೀಸಿದರೆ ನಾಲ್ಕು ಹನಿ ಸಿಡಿಯುವುದಲ್ಲ ಸ್ವಾಮಿ, ಬಕೆಟ್‌ಗಟ್ಟಲೆ ಸುರಿಯುತ್ತದೆ, ಅದೂ ಹಲ್ಲು ಕಟಕಟ ಅನ್ನುವಷ್ಟು ತಣ್ಣಗಿನ ಉಪ್ಪು ನೀರು. ಮಗಳು ಅತ್ತಳು, ಹೆಂಡತಿ ನಕ್ಕಳು, ಜೇಬಿನಲ್ಲಿದ್ದ ಫೋನ್ ಮರುದಿನ ನೋಡಿದರೆ ಚಾರ್ಜರ್ ಚುಚ್ಚುವ ತೂತಿನಲ್ಲಿ ಬಿಳಿ ಉಪ್ಪು ಕಟ್ಟಿತ್ತು. ಮತ್ತೆ ಆನ್ ಆಗಲೇ ಇಲ್ಲ.

ಕಡಲಾಮೆ:
ಅತ್ತೆಗೆ ಗೇಟಿನಲ್ಲೇ ವೀಲ್‌ಚೇರ್ ಬಾಡಿಗೆಗೆ ತಗೊಳ್ಳಿ. "ನಿಮಗೆ" ಅಂದರೆ ಒಪ್ಪುವುದಿಲ್ಲ, "ಬ್ಯಾಗ್ ಇಡೋಕೆ ಬೇಕು" ಅನ್ನಿ. ನಮ್ಮ ಅಮ್ಮನ ಹತ್ತಿರ ಇದೇ ನಡೆದದ್ದು, ಮಧ್ಯಾಹ್ನದ ಹೊತ್ತಿಗೆ ಬ್ಯಾಗ್ ನನ್ನ ಹೆಗಲ ಮೇಲಿತ್ತು.

ಪೆಂಗ್ವಿನ್ ಮನೆಗೆ ಸ್ವೆಟರ್ ಬೇಕೇ ಬೇಕು. ಅಂಟಾರ್ಕ್ಟಿಕದ ಪೆಂಗ್ವಿನ್ ಇದ್ದರೆ ಒಳಗೆ ಫ್ರಿಜ್ ಥರ. ಕೆಲವು ಕಡೆ ಬೆಳಕನ್ನೂ ಅಲ್ಲಿನ ಕಾಲಕ್ಕೆ ಸರಿಯಾಗಿ ಇಟ್ಟಿರುತ್ತಾರೆ, ಹೊರಗೆ ಜೂನ್‌ನ ಸುಡು ಬಿಸಿಲು, ಒಳಗೆ ಅಂಟಾರ್ಕ್ಟಿಕದ ಚಳಿಗಾಲದ ಮಬ್ಬುಗತ್ತಲು. ಲೈಟ್ ಕೆಟ್ಟಿದೆ ಅಂತ ನಾನು ಬೈದುಕೊಂಡಿದ್ದೆ. ಹೊರಗೆ ಬಂದ ಕೂಡಲೇ ಕನ್ನಡಕ ಪೂರ್ತಿ ಮಂಜು ಹಿಡಿಯಿತು.

ಮುಟ್ಟಿ ನೋಡುವ ಕೊಳ ಇದ್ದರೆ ಮಗನ ಕೈಗೆ ಸನ್‌ಸ್ಕ್ರೀನ್ ಹಚ್ಚಬೇಡಿ, ಮೊದಲೇ ತೊಳೆಸಿ. ಚಪ್ಪಟೆ ಮೈಯ ರೇ ಮೀನಿನ ಮೈಮೇಲೆ ಲೋಳೆ ಇರುತ್ತದಲ್ಲ, ಅದೇ ಅದಕ್ಕೆ ರೋಗ ತಗಲದ ಹಾಗೆ ಕಾಯುವುದು. ಉಜ್ಜಿದರೆ ಹೋಗುತ್ತದೆ. ಎರಡು ಬೆರಳಲ್ಲಿ ಮೆಲ್ಲಗೆ, ನೆಂದ ಅಣಬೆ ಮುಟ್ಟಿದ ಹಾಗಿರುತ್ತದೆ.

ಕ್ಯೂನಲ್ಲಿ ಬೇಜಾರಾದರೆ ಒಂದು ಆಟ, ಯಾವ ಪ್ರಾಣಿ ಅಂತ ಗುರುತಿಸುವುದು. ಕಿವಿ ಕಂಡರೆ, ಮುಂದಿನ ರೆಕ್ಕೆ ಊರಿ ನಡೆದರೆ ಸೀ ಲಯನ್. ಕಿವಿಯ ಜಾಗದಲ್ಲಿ ಬರೀ ತೂತು, ಹೊಟ್ಟೆ ಮೇಲೆ ತೆವಳಿದರೆ ಸೀಲ್. ಬಾಲ ಅಕ್ಕಪಕ್ಕ ಆಡಿದರೆ ಮೀನು, ಮೇಲೆ ಕೆಳಗೆ ಆಡಿದರೆ ಡಾಲ್ಫಿನ್ ಜಾತಿ. ನನ್ನ ಮಗ ಆಮೇಲೆ ಪಾರ್ಕಿನ ಬೊಂಬೆ ಅಂಗಡಿಯಲ್ಲೂ ತಪ್ಪು ಹುಡುಕಿದ.

ಹಿಂದಿನ ಬೆಂಚು:
ಮಗಳ ವಿಷಯಕ್ಕೆ ಯಾರೂ ಬರಲಿಲ್ಲ ಅಲ್ವಾ? ಅವಳನ್ನು ಎಳೆದುಕೊಂಡು ಹೋಗಬೇಡಿ. ಅವಳು ಕೇಳುತ್ತಿರುವುದು ದೊಡ್ಡವರೇ ಕೇಳಿರುವ ಪ್ರಶ್ನೆ. ಅಮೆರಿಕದ ಪಾರ್ಕ್ ಕಂಪನಿ ಸೀವರ್ಲ್ಡ್ ಓರ್ಕಾಗಳ ಸಂತಾನ ಬೆಳೆಸುವುದನ್ನು ನಿಲ್ಲಿಸುತ್ತೇವೆ ಅಂತ 2016ರಲ್ಲಿ ಹೇಳಿತು. 2023ರಲ್ಲಿ ಅಬುಧಾಬಿಯಲ್ಲಿ ತೆರೆದ ಅವರ ಹೊಸ ಪಾರ್ಕಿನಲ್ಲಿ ಓರ್ಕಾನೇ ಇಲ್ಲ. ಕೆನಡಾ 2019ರಲ್ಲಿ ತಿಮಿಂಗಿಲ, ಡಾಲ್ಫಿನ್‌ಗಳನ್ನು ಹೊಸದಾಗಿ ಹಿಡಿದು ಸಾಕುವುದನ್ನೇ ನಿಷೇಧಿಸಿತು. ಹಾಗಂತ ಗಾಯಗೊಂಡ ಆಮೆ, ಮ್ಯಾನಟೀಗಳಿಗೆ (ನೀರಿನಲ್ಲಿ ಹುಲ್ಲು ಮೇಯುವ ದಪ್ಪ ಪ್ರಾಣಿ) ಚಿಕಿತ್ಸೆ ಕೊಟ್ಟು ವಾಪಸ್ ನೀರಿಗೆ ಬಿಡುವ ಕೆಲಸವನ್ನೂ ಕೆಲವು ಪಾರ್ಕ್‌ಗಳು ಮಾಡುತ್ತವೆ, ಅದೂ ನಿಜವೇ.

ಶೋ ಹೊತ್ತಿಗೆ ಅಪ್ಪ ಮಗ ಅಲ್ಲಿಗೆ ಹೋಗಲಿ, ನೀವಿಬ್ಬರೂ ಆಮೆಗಳ ಕಡೆ ಹೋಗಿ. ಎಲ್ಲರೂ ಶೋನಲ್ಲಿರುವುದರಿಂದ ಜನ ಕಡಿಮೆ, ಸಿಬ್ಬಂದಿಗೆ ಮಾತಾಡಲು ಪುರುಸೊತ್ತು ಇರುತ್ತದೆ. ಈ ಪ್ರಾಣಿ ಹುಟ್ಟಿದ್ದು ಸಮುದ್ರದಲ್ಲೋ ಇಲ್ಲೋ, ಯಾಕೆ ವಾಪಸ್ ಬಿಡುವುದಿಲ್ಲ, ಇವತ್ತು ಶೋ ಮಾಡಲು ಮನಸ್ಸಿಲ್ಲದಿದ್ದರೆ ಏನು ಮಾಡುತ್ತೀರಿ, ಇದನ್ನೆಲ್ಲ ಅವಳೇ ಕೇಳಲಿ.

ಒದ್ದೆ ಅಪ್ಪ:
ಶೋ ಬಿಟ್ಟರೂ ಟಿಕೆಟ್ ದುಡ್ಡು ಅದೇ ಪಾರ್ಕಿಗೇ ಹೋಗುತ್ತಲ್ಲ?

ಹಿಂದಿನ ಬೆಂಚು:
ಹೌದು, ಹೋಗುತ್ತದೆ. 11 ವರ್ಷದವಳಿಗೆ ಅದನ್ನೂ ಮುಚ್ಚಿಡಬೇಕಿಲ್ಲ. ಅದಕ್ಕೇ ಬರಲ್ಲ ಅಂದರೆ ಅಜ್ಜಿ ಜೊತೆ ಇನ್ನೆಲ್ಲಿಗಾದರೂ ಹೋಗಲಿ, ಅಜ್ಜಿಯ ಕಾಲೂ ಉಳಿಯುತ್ತದೆ.

ಇಬ್ಬರ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಪಟ್ಟಿ 17ರಿಂದ 5ಕ್ಕೆ ಇಳಿದಿದೆ, ಯಜಮಾನರ ಮುಖ ಸ್ವಲ್ಪ ಸಪ್ಪಗಿದೆ. ಅತ್ತೆ ಬ್ಯಾಗ್ ಗಾಡಿಗೆ ಒಪ್ಪಿದರು. ಮಗಳು ಬರುತ್ತಾಳಂತೆ, ಒಂದು ಪುಟ ಪ್ರಶ್ನೆ ಬರೆದು ಇಟ್ಟುಕೊಂಡಿದ್ದಾಳೆ. ಬದಲಿ ಬಟ್ಟೆ ಎಷ್ಟು ಜೊತೆ ಬೇಕು?

ಒದ್ದೆ ಅಪ್ಪ:
ಮಗನಿಗೆ ಎರಡು. ಯಜಮಾನರಿಗೂ ಒಂದು ಇಡಿ, ಅವರಿಗೆ ಹೇಳಬೇಡಿ.