ಪ್ರಶ್ನೋತ್ತರ: ಯುದ್ಧದ ದಿನಗಳಲ್ಲಿ ಸರ್ಕಾರವನ್ನು ಟೀಕಿಸಿದರೆ ಅಪರಾಧವೇ?

ಪ್ರಶ್ನೆ (ಆಳಂದ ತಾಲ್ಲೂಕಿನ ತೊಗರಿ ಬೆಳೆಗಾರರಿಂದ):
ವಕೀಲ ಸಾಹೇಬರಿಗೆ ಶರಣು. 2025ರ ಮೇ ತಿಂಗಳಲ್ಲಿ ಗಡಿಯಲ್ಲಿ ಕಾಳಗ ನಡೆದಿದ್ದಾಗ ನಮ್ಮೂರಿನ ವಾಟ್ಸಾಪ್ ಗುಂಪಿನಲ್ಲಿ ನಾನು ಹೀಗೆ ಬರೆದಿದ್ದೆ: "ಸೈನಿಕರಿಗೆ ಶರಣು. ಆದರ ಪಹಲ್ಗಾಮದಾಗ ಕಾವಲು ಯಾಕ ಇರಲಿಲ್ಲ ಅಂತ ದಿಲ್ಲಿಯವರು ಹೇಳಬೇಕು. ಸುಂಕ ಇಲ್ಲದ ತೊಗರಿ ತರಿಸೋದೂ ನಿಲ್ಲಿಸಬೇಕು." ಅರ್ಧ ಗಂಟೆಯಲ್ಲಿ ನಾನು ದೇಶದ್ರೋಹಿಯಾದೆ. ಅಲ್ಲಿ ಜೀವ ಹೋಗುತ್ತಿರುವಾಗ ಇವನಿಗೆ ತೊಗರಿಯ ಚಿಂತೆ ಎಂದರು. ಒಬ್ಬರು ಅದರ ಸ್ಕ್ರೀನ್‌ಶಾಟ್ ಇಟ್ಟುಕೊಂಡಿದ್ದು, ಮಾತಿಗೆ ಮಾತು ಬೆಳೆದಾಗಲೆಲ್ಲ ಠಾಣೆಗೆ ಕೊಡುತ್ತೇನೆಂದು ಇಂದಿಗೂ ಹೆದರಿಸುತ್ತಾರೆ. ನಾನು ಬರೆದದ್ದು ತಪ್ಪೇ? ಅಳಿಸಿ, ಕ್ಷಮೆ ಕೇಳಿಬಿಡಲೇ?

ಉತ್ತರ (ಕಲಬುರಗಿ ಹೈಕೋರ್ಟ್ ಪೀಠದ ವಕೀಲರು):
ಹಿರಿಯರಿಗೆ ಶರಣು. ನೀವು ಬರೆದದ್ದು ಅಪರಾಧವಲ್ಲ.

ಯುದ್ಧ ಬಂದರೆ ಮಾತಿನ ಹಕ್ಕು ತಾನಾಗಿಯೇ ಅಮಾನತಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಸಂವಿಧಾನದ 358ನೇ ವಿಧಿಯಂತೆ ಯುದ್ಧ ಅಥವಾ ಬಾಹ್ಯ ಆಕ್ರಮಣದ ಕಾರಣಕ್ಕೆ ತುರ್ತು ಪರಿಸ್ಥಿತಿ ಘೋಷಣೆಯಾದರೆ ಮಾತ್ರ ಮಾತಿನ ಹಕ್ಕು ಕೊಡುವ 19ನೇ ವಿಧಿಯ ರಕ್ಷಣೆ ನಿಲ್ಲುತ್ತದೆ. 1962ರಲ್ಲಿ ಮತ್ತು 1971ರಲ್ಲಿ ಅಂಥ ಘೋಷಣೆ ಹೊರಟಿತ್ತು. ಕಾರ್ಗಿಲ್ ಕಾಲಕ್ಕೂ 2025ರಲ್ಲೂ ಹೊರಡಲಿಲ್ಲ. ಆದ್ದರಿಂದ ನೀವು ಬರೆದ ದಿನ ನಿಮ್ಮ ಹಕ್ಕು ಪೂರ್ತಿ ಜಾರಿಯಲ್ಲಿತ್ತು.

ಜನ 'ದೇಶದ್ರೋಹ' ಎನ್ನುವ, ಹಳೆಯ ಭಾರತೀಯ ದಂಡ ಸಂಹಿತೆಯ 124ಎ ಕಲಂ ಈಗಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 152ನೇ ಕಲಂ ಅದರ ಜಾಗಕ್ಕೆ ಬಂದಿದೆ, ಶಿಕ್ಷೆಯೂ ಜೀವಾವಧಿಯವರೆಗೆ ಇದೆ. ಆದರೆ ಅದು ಹಿಡಿಯುವುದು ಪ್ರತ್ಯೇಕತೆಗೆ, ಸಶಸ್ತ್ರ ದಂಗೆಗೆ ಅಥವಾ ದೇಶದ ಏಕತೆಯನ್ನು ಒಡೆಯುವ ಕೃತ್ಯಗಳಿಗೆ ಪ್ರಚೋದಿಸುವವರನ್ನು. ಸರ್ಕಾರದ ಕ್ರಮವೊಂದನ್ನು ಕಾನೂನುಬದ್ಧ ದಾರಿಯಲ್ಲಿ ಬದಲಾಯಿಸಬೇಕೆಂದು ಟೀಕಿಸುವುದು ಬೇರೆ ಎಂಬ ವಿವರಣೆ ಆ ಕಲಮಿನ ಅಡಿಯಲ್ಲೇ ಇದೆ. ಸುಪ್ರೀಂ ಕೋರ್ಟು 1962ರ ಕೇದಾರನಾಥ ಸಿಂಗ್ ಪ್ರಕರಣದಲ್ಲೇ, ಹಿಂಸೆಗೆ ಪ್ರಚೋದಿಸದ ಟೀಕೆ ಎಷ್ಟೇ ಖಾರವಾಗಿದ್ದರೂ ದ್ರೋಹವಾಗದು ಎಂದಿತ್ತು. 370ನೇ ವಿಧಿಯ ರದ್ದತಿಯನ್ನು ವಾಟ್ಸಾಪ್ ಸ್ಟೇಟಸ್‌ನಲ್ಲಿ ಖಂಡಿಸಿದ್ದ ಮಹಾರಾಷ್ಟ್ರದ ಪ್ರಾಧ್ಯಾಪಕರೊಬ್ಬರ ಮೇಲಿನ ಮೊಕದ್ದಮೆಯನ್ನು 2024ರ ಮಾರ್ಚ್‌ನಲ್ಲಿ ಅದೇ ಕೋರ್ಟು ರದ್ದುಪಡಿಸಿತು.

"ಕೇಳಬೇಡ ಎನ್ನುವುದಿಲ್ಲ, ಆದರೆ ಈಗ ಬೇಡ" ಎನ್ನುವವರೂ ಇದ್ದಾರಲ್ಲ, ಅವರಿಗೆ ಒಂದು ಸಂಗತಿ ಹೇಳಿ. ಚೀನಾದ ಸೈನ್ಯ ಇನ್ನೂ ಒಳಗಿದ್ದಾಗಲೇ ತರುಣ ವಾಜಪೇಯಿ ಸಂಸತ್ತಿನ ಅಧಿವೇಶನವನ್ನು ಬೇಗ ಕರೆಯಿರಿ ಎಂದು ನೆಹರೂ ಅವರನ್ನು ಕೇಳಿದ್ದರು. 1962ರ ನವೆಂಬರ್ 8ರಂದು ಅಧಿವೇಶನ ಸೇರಿತು, ಸರ್ಕಾರ ಬೈಗುಳವನ್ನೂ ತಿಂದಿತು. ಕಾರ್ಗಿಲ್ ಮುಗಿದ ತಿಂಗಳೇ, ನುಸುಳುವಿಕೆ ಮೊದಲೇ ಏಕೆ ತಿಳಿಯಲಿಲ್ಲ ಎಂದು ನೋಡಲು ಸರ್ಕಾರವೇ ಕೆ. ಸುಬ್ರಹ್ಮಣ್ಯಂ ಅವರ ಸಮಿತಿಯನ್ನು ನೇಮಿಸಿತು. ಕಾವಲಿನ ಬಗ್ಗೆ ನೀವು ಕೇಳಿದ್ದೂ ಆ ಜಾತಿಯ ಪ್ರಶ್ನೆಯೇ.

ಇನ್ನೊಂದು ಮಾತು, ಕಾನೂನಿನದಲ್ಲ. ನಮ್ಮ ಭಾಗ ನಿಜಾಮರ ಆಳ್ವಿಕೆಯಲ್ಲಿದ್ದಾಗ, ಹೈದರಾಬಾದು ಭಾರತಕ್ಕೆ ಸೇರಬೇಕು ಎಂದು ಬರೆದ 'ಇಮ್ರೋಜ್' ಪತ್ರಿಕೆಯ ಸಂಪಾದಕ ಶೋಯೆಬುಲ್ಲಾ ಖಾನ್ ಅವರನ್ನು 1948ರ ಆಗಸ್ಟ್‌ನಲ್ಲಿ ರಜಾಕಾರರು ಕೊಂದರು. ಅಂದಿನ ಸಂಸ್ಥಾನಕ್ಕೆ ಅವರೂ ದ್ರೋಹಿಯೇ ಆಗಿದ್ದರು. ನಮ್ಮ ಭಾಗದ ವಿಮೋಚನೆಯ ದಿನವಾದ ಸೆಪ್ಟೆಂಬರ್ 17ರಂದು ಧ್ವಜ ಏರಿಸುವಾಗ ನನಗೆ ಅವರ ನೆನಪಾಗುತ್ತದೆ.

ಇಷ್ಟಾದರೂ ಧೈರ್ಯ ಮಾಡಿ ಏನನ್ನಾದರೂ ಬರೆಯಿರಿ ಎಂದು ನಾನು ಹೇಳಲಾರೆ. ಬೀದರಿನ ವಾಯುನೆಲೆಯಿಂದ ಎಷ್ಟು ವಿಮಾನ ಏರಿದವು ಎಂಬ ವಿಡಿಯೊ, ಸೈನಿಕರ ರೈಲು ವಾಡಿ ಜಂಕ್ಷನ್ ದಾಟಿದ ಹೊತ್ತು, ಇವನ್ನು ಹಂಚುವುದು ಟೀಕೆಯಲ್ಲ; ಅಲ್ಲಿ 1923ರ ಅಧಿಕೃತ ರಹಸ್ಯಗಳ ಕಾಯ್ದೆಯೇ ಎದುರು ನಿಲ್ಲಬಹುದು. ಒಂದು ಕೋಮನ್ನು ಇಡಿಯಾಗಿ ಬೈದರೆ ನ್ಯಾಯ ಸಂಹಿತೆಯ 196ನೇ ಕಲಂ ಇದೆ. ಇನ್ನು, ಗೆಲ್ಲುವ ಪ್ರಕರಣವೂ ಮನುಷ್ಯನನ್ನು ಸವೆಸುತ್ತದೆ. ಪೌರತ್ವ ತಿದ್ದುಪಡಿ ಕಾಯ್ದೆಯ ಬಗ್ಗೆ ಮಕ್ಕಳು ಆಡಿದ ನಾಟಕಕ್ಕಾಗಿ ಬೀದರಿನ ಶಾಲೆಯೊಂದರ ಮೇಲೆ 2020ರ ಜನವರಿಯಲ್ಲಿ ರಾಜದ್ರೋಹದ ಪ್ರಕರಣ ದಾಖಲಾಗಿ, ಒಬ್ಬ ಮಗುವಿನ ತಾಯಿಯೂ ಮುಖ್ಯೋಪಾಧ್ಯಾಯಿನಿಯೂ ಜೈಲು ಕಂಡರು. ಆಡಳಿತ ಮಂಡಳಿಯವರ ಮೇಲಿನ ಮೊಕದ್ದಮೆಯನ್ನು ನಮ್ಮ ಕಲಬುರಗಿ ಪೀಠ ರದ್ದುಪಡಿಸುವ ಹೊತ್ತಿಗೆ 2023ರ ಜೂನ್ ಬಂದಿತ್ತು.

ಆದ್ದರಿಂದ ಸಂದೇಶವನ್ನು ಅಳಿಸಬೇಡಿ. ಅದರ ಹಿಂದೆ ಮುಂದೆ ಬಂದ ಮಾತುಗಳ ಸಮೇತ ಪೂರ್ತಿ ಉಳಿಸಿಕೊಳ್ಳಿ, ಏಕೆಂದರೆ "ಸೈನಿಕರಿಗೆ ಶರಣು" ಎಂಬ ನಿಮ್ಮ ಮೊದಲ ಸಾಲನ್ನು ಕತ್ತರಿಸಿದ ಸ್ಕ್ರೀನ್‌ಶಾಟ್ ಠಾಣೆಗೆ ಹೋದರೆ ಆಶ್ಚರ್ಯವಿಲ್ಲ. ನೋಟಿಸು ಬಂದರೆ ಹೋಗದೆ ಇರಬೇಡಿ. ವಕೀಲರನ್ನು ಕರೆದುಕೊಂಡು ಹೋಗಿ.

ಮರುಪ್ರಶ್ನೆ (ಯಾದಗಿರಿಯ ಸರ್ಕಾರಿ ಶಾಲೆಯ ಶಿಕ್ಷಕಿಯಿಂದ):
ಸರ್, ಇದೇ ಮಾತನ್ನು ನಾನು ಬರೆಯಬಹುದೇ?

ಉತ್ತರ:
ಅಕ್ಕಾವ್ರೇ, ನಿಮ್ಮ ಲೆಕ್ಕ ಬೇರೆ. ಅಪರಾಧವಾಗದ ಮಾತೂ 2021ರ ನಾಗರಿಕ ಸೇವಾ ನಡತೆ ನಿಯಮಗಳಡಿ ಇಲಾಖಾ ವಿಚಾರಣೆಗೆ ಕಾರಣವಾಗಬಹುದು. ಅದು ನ್ಯಾಯವೆಂದು ನನಗೆ ಅನ್ನಿಸುವುದಿಲ್ಲ, ಆದರೆ ಅಮಾನತಿನ ಆದೇಶ ಬಂದ ಮೇಲೆ ನನ್ನ ಅನಿಸಿಕೆ ನಿಮ್ಮ ಸಂಬಳವನ್ನು ತಂದುಕೊಡದು.

ಮೊದಲಿನ ಪ್ರಶ್ನಿಗರು:
ಕ್ಷಮೆಯ ಮಾತು ಉಳಿಯಿತಲ್ಲ, ಸಾಹೇಬರೇ.

ಉತ್ತರ:
ಕಾನೂನು ನಿಮ್ಮಿಂದ ಅದನ್ನು ಕೇಳುವುದಿಲ್ಲ. ಗುಂಪಿನಲ್ಲಿ ಸೈನ್ಯದಲ್ಲಿರುವ ಮಗನ ತಂದೆ ಯಾರಾದರೂ ಇದ್ದು ಅವರಿಗೆ ನೋವಾಗಿದ್ದರೆ, ಮನೆಗೆ ಹೋಗಿ ಒಂದು ಕಪ್ ಚಾ ಕುಡಿದು ಮಾತಾಡಿ ಬನ್ನಿ. ಸ್ಕ್ರೀನ್‌ಶಾಟ್ ಇಟ್ಟುಕೊಂಡವರಿಗೆ ಲಿಖಿತವಾಗಿ ಏನನ್ನೂ ಕೊಡಬೇಡಿ.